ಯಾವ ಎಣ್ಣೆ ಹಾಕಿದರೂ ಸೋರುತ್ತಿತ್ತು

ಈ ಸಂಗತಿಯನ್ನು ಹೇಳಹೊರಟದ್ದಕ್ಕೆ ಮೊದಲೇ ತಪ್ಪಾಯಿತು ಎಂದುಬಿಡುವುದು ಒಳ್ಳೆಯದು. ಎಂಜಿನ್ನಿನ ಒಳಗುಟ್ಟು ಬಲ್ಲವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ಎಲ್ಲಿ ಏನು ಕೆಟ್ಟಿತ್ತು ಎಂದು ಅವರು ಖಚಿತವಾಗಿ ಹೇಳಿಯಾರು. ಇಲ್ಲಿ ಹೇಳಲಾಗುವುದು ಇಷ್ಟೇ: ಲಕಮನಹಳ್ಳಿಯ ಹುಲಗೇಶ ಆ ಭಾನುವಾರ ಎಷ್ಟು ಹೆದರಿದ, ಯಾಕೆ ಹೆದರಿದ ಎಂಬುದು.

ಹುಲಗೇಶನದು ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಒಂದು ತಗಡಿನ ಗ್ಯಾರೇಜು. ಟ್ರ್ಯಾಕ್ಟರು, ಮೂರು ಗಾಲಿಯ ಟಂಟಂಗಳ ನಡುವೆ ಅಲ್ಲಿ ಆಗಾಗ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಲ್ಲುತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಮಾಯಾಳ ಗಾಡಿ ಅದು. ಪರದೇಶದ ಹಳೆಯ ಮಾಲು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗೀತೇನೋ ಅನ್ನುವಷ್ಟು ಕುಳ್ಳು. ಎಂಜಿನ್ನು ಮುಂದಿಲ್ಲ, ಕೂತವರ ಬೆನ್ನ ಹಿಂದೆಯೇ ಇದೆ.

ಅದಕ್ಕಿದ್ದದ್ದು ಒಂದೇ ರೋಗ. ಎಂಜಿನ್ನಿನ ತಿರುಗುವ ದಂಡ ಹೊರಗೆ ಬರುವ ಜಾಗದಲ್ಲಿ ಎಣ್ಣೆ ತಡೆಯಲು ಒಂದು ರಬ್ಬರಿನ ಬಳೆ ಇರುತ್ತದೆ, ಅದಕ್ಕೆ ಸೀಲ್ ಅನ್ನುತ್ತಾರೆ. ಅಲ್ಲಿಂದ ಎಣ್ಣೆ ಸೋರುತ್ತಿತ್ತು. ಹುಲಗೇಶ ಎಂಜಿನ್ ಇಳಿಸಿ ಹೊಸ ಸೀಲ್ ಹಾಕಿದ. ಸೋರಿತು. ತೆಳ್ಳನೆಯ ಸಿಂಥೆಟಿಕ್ ಎಣ್ಣೆಯದೇ ತಪ್ಪೆಂದು ಇನ್ನೊಂದು ಸೀಲ್ ಹಾಕಿ ದಪ್ಪ ಎಣ್ಣೆ ತುಂಬಿದ. ಅದೂ ಸೋರಿತು. ಹಳೆಯ ರಬ್ಬರಿಗೆ ಆ ಎಣ್ಣೆ ಒಗ್ಗುವುದಿಲ್ಲ ಅಂದರು ಕೆಲವರು. ರಬ್ಬರನ್ನು ತುಸು ಉಬ್ಬಿಸುವ ಎಣ್ಣೆಯೇ ಬೇರೆ ಸಿಗುತ್ತದೆ ಅಂದರು ಇನ್ನು ಕೆಲವರು. ಗ್ಯಾರೇಜಿಗೆ ಚಹಾ ಕುಡಿಯಲು ಬಂದವರೂ ಒಂದೊಂದು ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು.

"ಉಪ್ಪಿನಕಾಯಿಗೂ ನಮ್ಮವ್ವ ಇಷ್ಟು ಎಣ್ಣಿ ಆರಿಸೂದಿಲ್ರಿ ಹುಲಗೇಶಣ್ಣಾ," ಎಂದು ಮಾಯಾ ನಗುತ್ತಿದ್ದಳು.

ಹುಲಗೇಶನಿಗೆ ನಗು ಬರುತ್ತಿರಲಿಲ್ಲ. ಸೋರಿದ ಎಣ್ಣೆ ಬೀಳುತ್ತಿದ್ದದ್ದು ಕೆಂಡದಂತೆ ಕಾಯುವ ಸೈಲೆನ್ಸರ್ ಪೈಪಿನ ಮೇಲೆ. ಕಳೆದ ಸಲ ಗಾಡಿ ಬಂದಾಗ ಎಂಜಿನ್ ಮುಚ್ಚಳದ ಒಳಗಿನ ಬಣ್ಣ ಗುಳ್ಳೆ ಎದ್ದಿತ್ತು. ಆ ಗುಳ್ಳೆಯನ್ನು ಉಗುರಿನಿಂದ ಕೆರೆದು ನೋಡಿದಂದಿನಿಂದ ಅವನಿಗೆ ಕೂಳು ರುಚಿಸುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಮತ್ತೊಂದು ಹೊಸ ಸೀಲ್ ಹಾಕಿಸಿಕೊಂಡು, ರಬ್ಬರ್ ಉಬ್ಬಿಸುವ ಎಣ್ಣೆ ತುಂಬಿಸಿಕೊಂಡು, ಗಾಡಿ ಹೊರಡಲು ನಿಂತಿತ್ತು. ಮಾಯಾ ತಾಯಿ ಪ್ರಭಾವತಿಯವರನ್ನೂ ಕರೆತಂದಿದ್ದಳು. ಅಳ್ನಾವರದಲ್ಲಿ ಅವರ ತಂಗಿಯ ಮನೆ, ಅಲ್ಲಿಗೆ ಹೊರಟಿದ್ದರು. ಮೊಣಕಾಲು ಹಿಡಿದುಕೊಂಡ ಆ ಹಿರಿಯ ಜೀವವನ್ನು ಒಂದು ಕಡೆ ಮಗಳು, ಒಂದು ಕಡೆ ಹುಲಗೇಶ ಹಿಡಿದು ಸೀಟಿಗೆ ಇಳಿಸಬೇಕಾಯಿತು.

"ಇದು ಕೂಡೂದಲ್ಲೋ ತಮ್ಮಾ, ಬಾವ್ಯಾಗ ಇಳಿಯೂದು," ಅಂದರು ಪ್ರಭಾವತಿ. "ಅಳ್ನಾವರದಾಗ ನನ್ನ ಮ್ಯಾಲೆ ಎತ್ತಾಕ ಹಗ್ಗ ಕೊಡು."

"ಅಕ್ಕಾರ, ಜೋರ ಹೊಡೀಬ್ಯಾಡ್ರಿ," ಅಂದ ಹುಲಗೇಶ.

"ಜೋರ ಹೊಡೀಬಾರದಂದ್ರ ಎಮ್ಮಿ ತಗೋತಿದ್ದೆ," ಎಂದು ಮಾಯಾ ಹೊರಟೇಬಿಟ್ಟಳು.

ಗಾಡಿ ನಿಂತಿದ್ದ ನೆಲವನ್ನು ಹುಲಗೇಶ ಬಗ್ಗಿ ನೋಡಿದ. ಒಂದು ಹನಿಯೂ ಇರಲಿಲ್ಲ. ಮನಸ್ಸಿಗೆ ತುಸು ಹಗುರವೆನಿಸಿತು.

ಅಷ್ಟರಲ್ಲಿ ಹೆಬ್ಬಳ್ಳಿಯ ಯಂಕಣ್ಣ ತನ್ನ ಟ್ರ್ಯಾಕ್ಟರು ತಂದು ನಿಲ್ಲಿಸಿದ. ಹಿಂದಿನ ಸಲ ಎಣ್ಣೆ ಸೋರುತ್ತದೆಂದು ಬಂದಿದ್ದ, ಈ ಸಲ ಕ್ಲಚ್ ಬಿಗಿಯಾಗಿದೆ ಎಂಬುದು ಅವನ ದೂರು.

"ಎಣ್ಣಿ ಸೋರೂದು ನಿಂತತೇನು ಕಾಕಾ?" ಎಂದು ಹುಲಗೇಶ ಕೇಳಿದ.

"ನಿಂತೈತಿ. ನೀ ನಿಂದರಿಸಿಲ್ಲ, ನಾ ನಿಂದರಿಸೇನಿ. ನೀ ಕೊಳವಿ ಬಾಯಿಗೆ ಅರಿವಿ ಕಟ್ಟಿದ್ಯಲ್ಲಾ, ಅದು ಎಣ್ಣಿ ಕುಡದು, ಧೂಳ ಕುಡದು ರೊಟ್ಟಿ ಹಂಚಿನಂಗ ಆಗಿತ್ತು. ಹೊಲಸು ಕಾಣ್ತೈತಂತ ಕಿತ್ತು ಒಗದೆ. ಆವತ್ತಿಂದ ಒಂದು ಹನಿ ಬಿದ್ದಿಲ್ಲ ನೋಡು."

ಹುಲಗೇಶನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೈಯಲ್ಲೇ ಉಳಿಯಿತು.

ಎಂಜಿನ್ನಿಗೂ ಉಸಿರಾಡಲು ಒಂದು ಕೊಳವೆ ಇರುತ್ತದೆ. ಒಳಗೆ ಹುಟ್ಟುವ ಗಾಳಿಯ ಒತ್ತಡ ಅದರ ಮೂಲಕ ಹೊರಗೆ ಹೋಗಬೇಕು. ಹುಲಗೇಶನಿಗೆ ಕೆಲಸ ಕಲಿಸಿದ ಉಸ್ತಾದ್ ಇಮಾಮಹುಸೇನ, "ಹುಬ್ಬಳ್ಳಿ ಧೂಳು ಕಬ್ಬಿಣಾನೂ ತಿಂತೈತಿ, ಕೊಳವಿ ಬಾಯಿಗೆ ಅರಿವಿ ಕಟ್ಟು" ಎಂದು ಹೇಳಿಕೊಟ್ಟಿದ್ದರು. ಉಸ್ತಾದ್ ಕಟ್ಟುತ್ತಿದ್ದದ್ದು ಒಂದು ಪದರದ ಜಾಳು ಬಟ್ಟೆ, ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತಿದ್ದರು. ಹುಲಗೇಶನಿಗೆ ಕಟ್ಟುವುದು ಮಾತ್ರ ನೆನಪಿತ್ತು, ಬಿಚ್ಚಿ ಒಗೆಯುವುದು ಮರೆತಿತ್ತು. ಕೆಂಪು ಕಾರಿನ ಕೊಳವೆಗಿದ್ದ ತಂತಿಯ ಜಾಳಿಗೆ ತುಕ್ಕು ತಿಂದುಹೋಗಿತ್ತು, ಬೇರೆ ಸಿಕ್ಕಿರಲಿಲ್ಲ. ಅಲ್ಲಿಗೂ ಅರಿವೆ. ಪ್ರತಿ ಸಲ ಸೀಲ್ ಹಾಕಿದಾಗಲೂ ಹೊಸ ಅರಿವೆ. ಈ ಸಲ ರಸ್ತೆ ಅಗೆದ ಧೂಳು ಹೆಚ್ಚೆಂದು ಎರಡು ಮಡಿಕೆ ಹೆಚ್ಚಿಗೆ ಸುತ್ತಿ, ತಂತಿಯಿಂದ ಬಿಗಿದಿದ್ದ.

ಉಸಿರು ಕಟ್ಟಿದರೆ ಒತ್ತಡ ಎಲ್ಲಿಗೆ ಹೋಗಬೇಕು? ಸೀಲನ್ನು ತಳ್ಳಿಕೊಂಡು ಹೋಗಬೇಕು. ಗ್ಯಾರೇಜಿನಲ್ಲಿ ಸುಮ್ಮನೆ ಓಡುವಾಗ ಅಲ್ಲ, ಜೋರಾಗಿ ಹೊಡೆದಾಗ.

ಅವನು ಮಾಯಾಳಿಗೆ ಫೋನ್ ಮಾಡಿದ. ಎತ್ತಿದವರು ಪ್ರಭಾವತಿ.

"ಆಕಿ ಗಾಡಿ ಹೊಡ್ಯಾಕತ್ತಾಳ. ಯಾರಪಾ?"

"ನಾ ಹುಲಗೇಶ ರೀ ಅವ್ವಾರ. ಗಾಡಿ ನಿಂದರಸಾಕ ಹೇಳ್ರಿ! ಈಗಿಂದೀಗ!"

"ಜೋರ ಹೇಳೋ, ಎಂಜಿನ್ ನನ್ನ ಕಿವ್ಯಾಗ ಐತಿ. ಇಲ್ಲಿ ಯಾರೋ ಹೊಲದಾಗ ಕಬ್ಬಿನ ರವದಿ ಸುಡಾಕತ್ತಾರ ಕಾಣ್ತೈತಿ, ಭಾಳ ವಾಸನಿ..."

ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಗೋಡೆಗೆ ತೂಗುಬಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತುಕೊಂಡು ಹುಲಗೇಶ ಬೈಕು ಹತ್ತಿದ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಯಾವತ್ತೂ ನೋಡಿರಲಿಲ್ಲ. ಟ್ಯಾಂಕಿನ ಮೇಲೆ ಅದನ್ನು ಒತ್ತಿ ಹಿಡಿದು ಊರು ದಾಟಿದ. ಕಣ್ಣ ಮುಂದೆ ಒಂದೇ ಚಿತ್ರ: ಬಾವಿಯಂಥ ಸೀಟಿನಲ್ಲಿ ಆ ಹಿರಿಯ ಹೆಂಗಸು, ಬೆನ್ನಿಗೆ ಉರಿ, ಎತ್ತಲು ಒಬ್ಬಳೇ ಮಗಳು. ಹೊಲಗಳ ಕಡೆ ನೋಡುತ್ತಲೇ ಹೋದ. ಎಲ್ಲಾದರೂ ನಿಜವಾಗಿ ರವದಿ ಸುಡುತ್ತಿರಲಿ ಎಂದು ಬೇಡಿಕೊಂಡ. ಎಲ್ಲಿಯೂ ಸುಡುತ್ತಿರಲಿಲ್ಲ.

ಮುಗದ ಊರಿನ ಕಡೆಗೆ ತಿರುಗುವ ದಾರಿಗಿಂತ ಸ್ವಲ್ಪ ಈಚೆ ಕೆಂಪು ಗಾಡಿ ನಿಂತಿತ್ತು. ಮುಚ್ಚಳದ ಸಂದಿಗಳಿಂದ ಬಿಳಿ ಹೊಗೆ ಬರುತ್ತಿತ್ತು. ಮಾಯಾ ತಾಯಿಯ ಎರಡೂ ತೋಳು ಹಿಡಿದು ಎಳೆಯುತ್ತಿದ್ದಳು.

"ಮುಚ್ಚಳ ತಗೀಬ್ಯಾಡ್ರಿ ಅಕ್ಕಾರ! ಗಾಳಿ ಸಿಕ್ರ ಹೊತ್ಕೋತೈತಿ. ಮೊದಲ ಅವ್ವಾರ್ನ ಎತ್ತೋಣು."

ಅವನು ಬಗ್ಗಿ ಕಂಕುಳಿಗೆ ಕೈ ಹಾಕಿದ. ಸೀಟಿನ ಬೆನ್ನು ಕೈಗೆ ಬಿಸಿ ಹತ್ತಿತು. ಒಮ್ಮೆ ಎತ್ತಿದರು, ಜಾರಿತು. ಮತ್ತೆ ಎತ್ತಿದರು.

"ನನ್ನ ಚೀಲ," ಅಂದರು ಪ್ರಭಾವತಿ. "ಶೇಂಗಾ ಉಂಡಿ ಅದಾವು ಅದರಾಗ."

"ಉಂಡಿ ಸುಟ್ಟು ಹೋಗ್ಲಿ ಬೇ!" ಎಂದು ಮಗಳು ಅಳುತ್ತಲೇ ಚೀರಿದಳು.

ಮೂವರೂ ದೂರ ಹೋಗಿ ನಿಂತರು. ಹುಲಗೇಶ ಸಿಲಿಂಡರನ್ನು ಎದೆಗೆ ಅವಚಿಕೊಂಡಿದ್ದ. ಹೊಗೆ ದಟ್ಟವಾಯಿತು, ಇನ್ನೇನು ಎನ್ನುವಂತಾಯಿತು, ಆಮೇಲೆ ತೆಳ್ಳಗಾಗುತ್ತ ಬಂತು. ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಯಾರೂ ಹತ್ತಿರ ಹೋಗಲಿಲ್ಲ.

ಕೊನೆಗೆ ಹುಲಗೇಶನೇ ಹೋಗಿ ಮುಚ್ಚಳ ಎತ್ತಿದ. ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲಿನ ನಳಿಕೆ ಇತ್ತು, ಅದರ ಹೊರಮೈ ಮೆತ್ತಗಾಗಿತ್ತು. ಅವನು ಅರಿವೆಯ ತಂತಿ ಬಿಚ್ಚಿದ. ಅರಿವೆ ಎಣ್ಣೆಯಲ್ಲಿ ನೆನೆದು ಭಾರವಾಗಿತ್ತು. ಬಾಯಿಗೆ ಹಿಡಿದು ಊದಿ ನೋಡಿದ. ಉಸಿರು ಆಚೆ ಹೋಗಲಿಲ್ಲ.

ಮಾಯಾ ತಾಯಿಗೆ ನೀರು ಕುಡಿಸುತ್ತಿದ್ದಳು, ಇತ್ತ ನೋಡಿರಲಿಲ್ಲ. ಅರಿವೆಯನ್ನು ಅಡಗಿಸಲು ಹುಲಗೇಶನ ಕೈ ಜೇಬಿನ ತನಕ ಹೋಯಿತು. ಈ ಎಣ್ಣೆಯೂ ಸರಿಯಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹಾಗಂದರೆ ಮುಂದೆ ಆಕೆ ಯಾವ ಗ್ಯಾರೇಜಿಗೆ ಹೋದರೂ ಆ ಕೊಳವೆಯ ಬಗ್ಗೆ ಯಾರೂ ಕೇಳುವುದಿಲ್ಲ, ಮತ್ಯಾರೋ ಅದರ ಬಾಯಿಗೆ ಮತ್ತೇನೋ ಕಟ್ಟುತ್ತಾರೆ.

"ಅಕ್ಕಾರ, ಇದನ್ನ ಊದಿ ನೋಡ್ರಿ," ಅಂದ. ಹೇಳುವಾಗ ಹೊಗೆ ನೋಡಿದಾಗಿನಷ್ಟೇ ಹೆದರಿಕೆಯಾಯಿತು. "ಎಂಜಿನ್ನಿನ ಮೂಗು ಕಟ್ಟಿದಾಂವ ನಾನ."

ಆಕೆ ಊದಲಿಲ್ಲ. ಅರಿವೆಯನ್ನೂ ಅವನನ್ನೂ ನೋಡಿದಳು.

"ಇಷ್ಟು ದಿನ ಎಣ್ಣಿ ಎಣ್ಣಿ ಅಂತ ತಿರುಗಿದೆನಲ್ಲಾ ನಾನು. ನಮ್ಮವ್ವನ್ನ ಕುಂದರಿಸ್ಕೊಂಡು ಬಂದಿದ್ದೆ. ಏನಾಗ್ತಿತ್ತು ಗೊತ್ತೈತೇನ್ರಿ?"

ಪ್ರಭಾವತಿಯೇ, "ಸಾಕು ಬಿಡು, ಹೇಳ್ಯಾನಲ್ಲ," ಅಂದರು.

ಆಮೇಲೆ ಹುಲಗೇಶ ಕೊಳವೆಗೆ ತಂತಿಯ ಜಾಳಿಗೆ ಕೂರಿಸಿದ, ಮತ್ತೊಂದು ಸೀಲ್ ಹಾಕಿದ, ಕಾರಿನ ಪುಸ್ತಕ ಹೇಳುವ ಎಣ್ಣೆಯನ್ನೇ ತುಂಬಿದ. ಯಾವುದರಿಂದ ಸೋರಿತೆಂದು ತಿಳಿಯಲು ಒಂದೊಂದನ್ನೇ ಬದಲಿಸಿ ನೋಡಬೇಕಾಗಿತ್ತು, ಅಷ್ಟು ತಾಳ್ಮೆಗೆ ಧೈರ್ಯ ಸಾಲಲಿಲ್ಲ. ಎಲ್ಲವನ್ನೂ ಒಟ್ಟಿಗೇ ಮಾಡಿದ. ಗಾಡಿ ಇವತ್ತಿನವರೆಗೆ ಸೋರಿಲ್ಲ. ತಾನು ಅರಿವೆ ಕಟ್ಟಿದ್ದ ಬೇರೆ ಗಾಡಿಗಳವರಿಗೂ ಹೇಳಿ ಕಳಿಸಿದ. ಕೆಲವರು ಸಿಕ್ಕರು, ದಾರಿಹೋಕ ಗಾಡಿಗಳವರು ಸಿಗಲಿಲ್ಲ.

ಸೋರುತ್ತಿದ್ದದ್ದು ಬರೀ ಅರಿವೆಯಿಂದಲೋ, ಎಣ್ಣೆಯದೂ ಅದರಲ್ಲಿ ಪಾಲಿತ್ತೋ, ಹುಲಗೇಶನಿಗೆ ಗೊತ್ತಿಲ್ಲ. ಆ ಸಿಲಿಂಡರು ಒತ್ತಿದ್ದರೆ ಏನಾದರೂ ಹೊರಗೆ ಬರುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.