ಮಧ್ಯಾಹ್ನ ಒಂದು ಲೋಟ ನೀರು

ಮೂರನೇ ಮಹಡಿಯ ಮೂಲೆಮನೆಯ ಅತ್ತೆ ಮಧ್ಯಾಹ್ನವಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಾಯಾರಿಕೆ ಇಲ್ಲವೆಂದಲ್ಲ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಸೊಸೆ ಹಿಡಿದು ಎಬ್ಬಿಸಬೇಕು. ಸೊಸೆಯ ಕೈ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬೀದಿಗೆಲ್ಲ ಅವಳು ಹೊಲಿಗೆ ಅಕ್ಕ. ಪರದೆ, ದಿಂಬಿನ ಚೀಲ, ಶಾಲೆ ಮಕ್ಕಳ ಸಮವಸ್ತ್ರ ಎಂದು ದಿನಕ್ಕೆ ಹತ್ತು ಗಂಟೆ ಮೋಟಾರ್ ಮೆಷಿನ್ನಿನ ಮುಂದೆ ಕುಳಿತೇ ಇರುತ್ತಾಳೆ. ಹಿಂದಿನ ತಿಂಗಳು ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸುವಾಗ ಅವಳ ಮೊಣಕಾಲು ನಡುಗಿ ಇಬ್ಬರೂ ಮೆಲ್ಲಗೆ ನೆಲಕ್ಕೆ ಕುಸಿದಿದ್ದರು. ಪೆಟ್ಟಾಗಲಿಲ್ಲ. ಆದರೆ ಏಳಲೂ ಆಗಲಿಲ್ಲ. ಸೊಸೆಯ ಗಂಡ ಬೇಕರಿ ಕೆಲಸ ಮುಗಿಸಿ ಬರುವವರೆಗೆ ಮುಕ್ಕಾಲು ಗಂಟೆ ಅತ್ತೆ ಸೊಸೆ ಗೋಡೆಗೆ ಒರಗಿ, ಬಟ್ಟೆಯ ತುಂಡುಗಳ ನಡುವೆ ಕುಳಿತಿದ್ದರು.

ಅವತ್ತಿನಿಂದ ಅತ್ತೆಯದು ಒಂದೇ ಮಾತು. "ನಂಗೆ ಬಾಯಾರಿಕೆ ಇಲ್ಲ ಕಣೆ."

ಎದುರುಮನೆಯ ನರ್ಸಮ್ಮ ಒಂದು ಸಂಜೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವಳು ಅತ್ತೆಯ ಮುಖ ನೋಡಿ ನಿಂತಳು.

"ತುಟಿ ಯಾಕಮ್ಮ ಹೀಗೆ ಒಡೆದಿದೆ? ನೀರು ಕುಡೀತಿಲ್ವಾ?"

"ಕುಡಿದ್ರೆ ಇವಳನ್ನ ಕರೀಬೇಕು. ಇವಳನ್ನ ಕರೆದ್ರೆ, ಇಬ್ರನ್ನೂ ಎತ್ತೋಕೆ ಇನ್ನೊಬ್ರನ್ನ ಕರೀಬೇಕು."

ಹೊಲಿಗೆ ಅಕ್ಕ ತಲೆ ಎತ್ತಲಿಲ್ಲ. ದಾರ ಪೋಣಿಸುತ್ತಲೇ ಇದ್ದಳು, ಸೂಜಿಯ ಕಣ್ಣು ಸಿಗಲಿಲ್ಲ.

"ನೀರು ಬಿಟ್ರೆ ಉರಿಮೂತ್ರ ಬರುತ್ತೆ, ತಲೆ ಸುತ್ತುತ್ತೆ, ಮತ್ತೆ ಬೀಳ್ತೀರ," ಎಂದ ನರ್ಸಮ್ಮ ಸೊಸೆಯ ಕಡೆ ತಿರುಗಿದಳು. "ನಿನ್ನ ಕಾಲಿಗೆ ಬಲ ಬರ್ಬೇಕು. ಮನೇಲೇ ಆಗುತ್ತೆ, ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ."

ಆಗತಾನೇ ಬೇಕರಿಯಿಂದ ಬಂದ ಗಂಡ ನಕ್ಕ. "ಬೆಳಗ್ಗಿಂದ ಮೈ ಮುರಿದು ದುಡೀತಾಳೆ. ಅದಕ್ಕಿಂತ ವ್ಯಾಯಾಮ ಬೇಕಾ ನರ್ಸಮ್ಮ?"

"ಸುಸ್ತಾಗೋದು ಬೇರೆ, ಗಟ್ಟಿಯಾಗೋದು ಬೇರೆ ಅಣ್ಣ. ಹತ್ತು ಗಂಟೆ ಕೂತಿರೋ ಕಾಲು ಏಳೋದನ್ನೇ ಮರೆಯುತ್ತೆ."

ಮರುದಿನ ಸೊಸೆಯನ್ನು ಕ್ಲಿನಿಕ್ಕಿಗೆ ಕರೆದೊಯ್ದು ರಕ್ತದೊತ್ತಡ, ಮೊಣಕಾಲು ಎಲ್ಲ ತೋರಿಸಿದ ಮೇಲೆಯೇ ನರ್ಸಮ್ಮ ಪೆನ್ನು ಹಿಡಿದಳು. ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಹನ್ನೆರಡು ವಾರಗಳ ಚೌಕದ ಮನೆಗಳನ್ನು ಎಳೆದು, ವ್ಯಾಯಾಮ ಬರೆದು ಗೋಡೆಗೆ ಅಂಟಿಸಿದಳು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಅಂಗೈ ಕೊಟ್ಟು ಎದೆಯನ್ನು ಹತ್ತಿರ ತಂದು ಹಿಂದೆ ತಳ್ಳುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ನೀರು ತುಂಬಿದ ಎರಡು ಬಾಟಲಿ ಹಿಡಿದು ಕೋಣೆಯ ಉದ್ದಕ್ಕೂ ನಡೆಯುವುದು. ಸೋಮವಾರ, ಬುಧವಾರ, ಶುಕ್ರವಾರ. ಮೊದಲ ವಾರ ಐದೈದು ಸಲ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚು.

ಆದರೆ ಆರ್ಡರ್ ಕೈಗೆ ಬಂದರೆ ಮುಗಿಸಿಯೇ ಏಳುವುದು ಹೊಲಿಗೆ ಅಕ್ಕನ ಅಭ್ಯಾಸ. ಸೋಮವಾರವೇ ಮೂರು ವಾರದ್ದನ್ನು ಒಟ್ಟಿಗೆ ಮಾಡಿಬಿಟ್ಟಳು. ಮಂಗಳವಾರ ಮೆಷಿನ್ನಿನ ಪೆಡಲ್ ಒತ್ತಲೂ ಕಾಲು ಬಗ್ಗಲಿಲ್ಲ.

"ಈಗ ಇಬ್ರೂ ಕುರ್ಚೀಲಿ," ಎಂದರು ಅತ್ತೆ. "ಒಳ್ಳೇ ಜೊತೆ."

ನರ್ಸಮ್ಮ ಬೈಯಲಿಲ್ಲ. "ಗಟ್ಟಿ ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಯಾಕೆ ಹಾಕ್ತೀಯ?"

"ಮೈಗೆ ಕೂರುತ್ತಾ ನೋಡೋಕೆ."

"ಮೊದಲೆರಡು ವಾರ ಅದೇ. ಮೈಗೆ ಕೂರಲಿ."

ಮೂರನೇ ವಾರಕ್ಕೆ ಇನ್ನೊಂದು ತಕರಾರು ಬಂತು. ದಿನಾ ಸಂಜೆ ಅವಳು ತನ್ನ ಟೇಪಿನಿಂದಲೇ ತೋಳು, ತೊಡೆ ಅಳೆಯುತ್ತಿದ್ದಳು. ಒಂದು ನೂಲಿನಷ್ಟೂ ಬದಲಾಗಿರಲಿಲ್ಲ. ಶುಕ್ರವಾರ ಕಾಗದವನ್ನು ಮಡಚಿಟ್ಟಳು.

"ಟೇಪ್ ಸುಳ್ಳು ಹೇಳಲ್ಲ ನರ್ಸಮ್ಮ. ಇದು ನನ್ನಂಥೋರಿಗಲ್ಲ."

ನರ್ಸಮ್ಮ ಟೇಪನ್ನು ಕಸಿದು ತನ್ನ ಜೇಬಿಗೆ ಹಾಕಿಕೊಂಡಳು. "ಮೊದಲನೇ ದಿನ ಕೈ ಊರದೆ ಎಷ್ಟು ಸಲ ಎದ್ದೆ?"

"ಎರಡು ಸಲ. ಮಿಕ್ಕಿದ್ದೆಲ್ಲ ಕೈ ಊರಿಯೇ."

"ಈಗ ಎದ್ದು ತೋರ್ಸು ನೋಡೋಣ."

ಎದ್ದಳು, ಕುಳಿತಳು. ಆ ಕಡೆಯ ಕುರ್ಚಿಯಿಂದ ಅತ್ತೆ ತಾವಾಗಿಯೇ ಎಣಿಸುತ್ತಾ ಹೋದರು. "ಆರು. ಏಳು. ಇದು ಲೆಕ್ಕಕ್ಕಿಲ್ಲ, ಪೂರ್ತಿ ಕೂರ್ಲಿಲ್ಲ. ಹೂಂ, ಎಂಟು."

ಎಂಟು ಎಂದಾಗ ಹೊಲಿಗೆ ಅಕ್ಕ ತನ್ನ ಕಾಲನ್ನು ತಾನೇ ನೋಡಿಕೊಂಡಳು. ಮಡಚಿದ ಕಾಗದ ಮತ್ತೆ ಗೋಡೆಗೆ ಬಂತು.

ಅಲ್ಲಿಂದ ಎಣಿಕೆ ಅತ್ತೆಯ ಪಾಲಿನ ಕೆಲಸ. "ಬುಧವಾರ ಕಣೆ, ಮೆಷಿನ್ ನಿಲ್ಸು," ಎಂದು ಅವರೇ ಕೂಗುತ್ತಿದ್ದರು. ತೋಳು ಹಿಡಿದು ಎಳೆಯಬಾರದು, ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು, ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಏಳಬೇಕು ಎಂದು ಎಬ್ಬಿಸುವ ರೀತಿಯನ್ನೂ ನರ್ಸಮ್ಮ ಕಲಿಸಿದಳು. ಆದರೂ ಮಧ್ಯಾಹ್ನದ ಮಾತು ಬದಲಾಗಲಿಲ್ಲ. ಬಾಯಾರಿಕೆ ಇಲ್ಲ.

ಒಂಬತ್ತನೇ ವಾರದ ಗುರುವಾರ, ಎರಡು ಗಂಟೆ ಹೊತ್ತು. ಪರದೆ ಬಟ್ಟೆಯ ದೊಡ್ಡ ಸುರುಳಿ ಮೇಜಿನಿಂದ ಉರುಳಿ ಬಿತ್ತು. ಹೊಲಿಗೆ ಅಕ್ಕ ಕುಕ್ಕರುಗಾಲಲ್ಲಿ ಕುಳಿತು, ಎರಡೂ ಕೈಯಲ್ಲಿ ಅದನ್ನು ಅಪ್ಪಿಕೊಂಡು, ಎಲ್ಲಿಯೂ ಕೈ ಊರದೆ ನೇರ ಎದ್ದು ನಿಂತಳು. ಮೇಜಿನ ಮೇಲಿಟ್ಟು ಮತ್ತೆ ಹೊಲಿಯಲು ಕುಳಿತಳು. ತಾನೇನು ಮಾಡಿದೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ.

ಅತ್ತೆಯ ಗಮನಕ್ಕೆ ಬಂದಿತ್ತು.

"ಲೇ, ಒಂದು ಲೋಟ ನೀರು ಕೊಡು."

ಮೆಷಿನ್ ನಿಂತಿತು. "ಈಗಾ ಅತ್ತೆ?"

"ಈಗ್ಲೇ. ಲೋಟ ತುಂಬ ಕೊಡು, ಅರ್ಧ ಬೇಡ."

ಅರ್ಧ ಗಂಟೆಯ ನಂತರ ಅವರೇ ಕರೆದರು. ಸೊಸೆ ಮುಂದೆ ನಿಂತು ಮೊಣಕಾಲು ಬಗ್ಗಿಸಿದಳು. ಅತ್ತೆ ಎಣಿಸಿದರು. ಮೂರಕ್ಕೆ ಇಬ್ಬರೂ ಎದ್ದರು. ಯಾರೂ ನಡುಗಲಿಲ್ಲ.

ಸಂಜೆ ಗಂಡ ಬಂದಾಗ ಅಮ್ಮನ ಪಕ್ಕ ಖಾಲಿ ಲೋಟವಿತ್ತು. ಅದನ್ನು ನೋಡಿದ, ಗೋಡೆಯ ಕಾಗದವನ್ನೂ ನೋಡಿದ. "ಇದ್ರಲ್ಲಿ ನಂಗೂ ಒಂದು ಸಾಲು ಎಳೀರಿ," ಎಂದ.

"ಎಣಿಸೋಳು ನಾನೇ," ಎಂದರು ಅತ್ತೆ. "ಕಳ್ಳಾಟ ನಡೆಯಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮಗೆ ಸಮಯವಿಲ್ಲ ಎಂದು ಗೊತ್ತು. ದುಡಿದು, ಮಕ್ಕಳನ್ನು ಮಲಗಿಸಿ, ಪಾತ್ರೆ ತೊಳೆದ ಮೇಲೆ ಯಾರಿಗೆ ತಾನೇ ಉಳಿದಿರುತ್ತದೆ. ಆದರೂ ವಾರದಲ್ಲಿ ಮೂರು ಸಲ ಇಪ್ಪತ್ತು ನಿಮಿಷ ಹುಡುಕಿಕೊಳ್ಳಿ. ಹೃದಯದ ತೊಂದರೆ, ರಕ್ತದೊತ್ತಡ ಇದ್ದರೆ, ಬಸುರಿಯಾಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ. ಒಂದೇ ದಿನ ಎಲ್ಲ ಮಾಡಲು ಹೋಗಬೇಡಿ. ಟೇಪು, ತೂಕದ ಯಂತ್ರ ದೂರವಿಡಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಡಿ. ಅಲುಗಾಡದ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕುಳಿತು, ಕೈ ಊರದೆ ಏಳಿ. ಎಷ್ಟು ಸಲ ಆಯಿತೋ ಈ ಹಾಳೆಯ ಹಿಂಬದಿಯಲ್ಲಿ ಬರೆದಿಡಿ. ಎರಡೇ ಆದರೂ ಪರವಾಗಿಲ್ಲ, ಹೊಲಿಗೆ ಅಕ್ಕನದೂ ಎರಡೇ ಇತ್ತು.