ಚೈನ್ ಮಷೀನು

ನಾಗಜ್ಯೋತಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಆಂಜಿನೇಯಣ್ಣಾ, ಬೆಳಿಗ್ಗೆ ಚೈನ್ ಮಷೀನ್ ಕಳ್ಸು."

ಆದೋನಿಯಲ್ಲಿ ಯಂತ್ರ ಬಾಡಿಗೆಗೆ ಕೊಡುವ ಆಂಜಿನೇಯ ಮಾತಿಗೆ ತಪ್ಪುವವನಲ್ಲ. ಕಳಿಸಿಯೇಬಿಟ್ಟ. ಪೆದ್ದಹರಿವಾಣಂ ಹೊರಗಿನ ನೀಲಗಿರಿ ತೋಪಿನ ಮುಂದೆ ಆಟೋ ನಿಂತಿತು. ಗೋಣಿಚೀಲದೊಳಗಿಂದ ಮರ ಕೊಯ್ಯುವ ಪೆಟ್ರೋಲ್ ಗರಗಸ ಹೊರಬಂತು. ಅದಕ್ಕೂ ಚೈನ್ ಇತ್ತು, ಇಲ್ಲವೆನ್ನುವಂತಿಲ್ಲ.

ಆಕೆ ಕೇಳಿದ್ದು ಕಬ್ಬಿಣದ ಪಟ್ಟಿಗಳ ಮೇಲೆ ಉರುಳುವ, ಕೆಸರಿನಲ್ಲೂ ಹೂತುಹೋಗದ, ಮರ ಉರುಳಿಸಿ ಎಳೆಯುವ ದೊಡ್ಡ ಯಂತ್ರವನ್ನು.

"ಪಂಪಿಂಚಾನು ಕದಮ್ಮಾ! ಚೈನ್ ಮಷೀನ್ ಅಂದಿ, ಕಳ್ಸೀನಿ," ಎಂದ ಆಂಜಿನೇಯ, ಆಕೆ ಮತ್ತೆ ಫೋನ್ ಮಾಡಿದಾಗ. "ದೊಡ್ಡದು ಕಾಲುವಿ ಕೆಲಸಕ್ಕ ಹೋಗೈತಿ. ಮುಂದಿನ ವಾರ ನೋಡೋಣು."

ಮುಂದಿನ ವಾರವಂತೆ! ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ನಾಗಜ್ಯೋತಿಯ ಅಕ್ಕ ಹುಲುಗಮ್ಮ ತನ್ನ ಗಂಟಿನ ಮೇಲೆಯೇ ಕುಳಿತಿದ್ದಳು. ಸಂಜೆ ಕೋಸಗಿಯಿಂದ ಗುಂಟೂರಿಗೆ ಲಾರಿ. ಅಲ್ಲಿಗೆ ಹತ್ತಿ ಬಿಡಿಸಲು ಹೋಗುವುದಕ್ಕೆ ಕೋಸಗಿಯವರು ಸುಗ್ಗಿ ಎನ್ನುತ್ತಾರೆ. ಸುಗ್ಗಿ ಯಾರದೋ, ಹೆಸರು ಮಾತ್ರ ಇವರದು. ಇಲ್ಲಿ ಕೆಲಸ ಶುರುವಾದರೆ ಅಕ್ಕನೂ ಜೊತೆಗೆ ಬಂದ ಕೂಲಿಯವರೂ ಉಳಿಯುತ್ತಾರೆ. ಇಲ್ಲವಾದರೆ ಲಾರಿ ಹತ್ತುತ್ತಾರೆ, ಹೋದ ವರ್ಷದ ಹಾಗೆಯೇ ಅಕ್ಕನ ಮಗಳು ಭುವನಾಳನ್ನು ಶಾಲೆ ಬಿಡಿಸಿ ಕರೆದೊಯ್ಯುತ್ತಾರೆ. ಈ ತೋಪು ಕಡಿಯುವುದು ನಾಗಜ್ಯೋತಿ ಸ್ವಂತವಾಗಿ ಹಿಡಿದ ಮೊದಲ ಗುತ್ತಿಗೆ. ತನ್ನ ನಾಲಿಗೆಯ ಮೇಲೆ ಆಕೆಗೆ ವಿಪರೀತ ಸಿಟ್ಟು ಬಂತು.

ತೋಪಿನ ಮಾಲೀಕ, ಹತ್ತಿ ವ್ಯಾಪಾರಿ ಪಂಚಾಕ್ಷರಯ್ಯ ಹಣೆತುಂಬ ವಿಭೂತಿ ಬಳಿದುಕೊಂಡು ಬಂದರು. "ಮೊದ್ಲು ಕೆಳಗಿನ ಎರೀ ಹೊಲದಾಗಿನ ಮರ ಖಾಲಿ ಮಾಡವ್ವ, ಕಡ್ಲಿ ಬಿತ್ತಬೇಕು. ದೊಡ್ಡ ಮಷೀನ್ ಬರ್ಲಿಲ್ಲಂದ್ರ ಟ್ರ್ಯಾಕ್ಟರ್ ಇಳಿಸು."

ಇಳಿಸಿಬಿಡಲೇ? ಕೀಲಿ ಕೈಯಲ್ಲೇ ಇತ್ತು. ಟ್ರ್ಯಾಕ್ಟರ್ ಗುಡುಗಿದರೆ ಸಾಕು, ಅಕ್ಕ ಉಳಿದಾಳು. ನಾಗಜ್ಯೋತಿ ಹೊಲಕ್ಕೆ ಕಾಲಿಟ್ಟಳು. ಮೊನ್ನೆಯ ಮಳೆಗೆ ನೆನೆದ ಕಪ್ಪು ಮಣ್ಣು ಚಪ್ಪಲಿಯನ್ನು ಹಿಡಿದುಕೊಂಡು ಬಿಡಲೊಲ್ಲದು. ಚಪ್ಪಲಿ ಕಿತ್ತುಕೊಂಡು ಹಿಂದೆ ಬಂದವಳು ಮೇಲಿನ ಗುಡ್ಡದತ್ತ ನೋಡಿದಳು. ಅಲ್ಲೂ ನೀಲಗಿರಿಯೇ; ಕಲ್ಲುಹರಳಿನ ಗರಸು ನೆಲ, ನೀರು ನಿಂತಿಲ್ಲ. ದೊಡ್ಡ ಯಂತ್ರ ಆ ಬಂಡೆಗಳ ನಡುವೆ ಹತ್ತುವುದಿಲ್ಲವೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಗರಗಸವಾದರೆ ಹೆಗಲೇರಿ ಎಲ್ಲಿಗಾದರೂ ಬರುತ್ತದೆ.

"ಯಜಮಾನ್ರ, ಹಸಿ ಎರೀಗೆ ಗಾಲಿ ಇಳಿಸಿದ್ರ ಟ್ರ್ಯಾಕ್ಟರ್ ಹೂತು ಹೋಗತೈತಿ, ನೆಲ ಕಲ್ಲಾಗತೈತಿ. ಕಡ್ಲಿ ಹೆಂಗ ಬಿತ್ತೀರಿ? ಎರೀ ಆರೋತನಕ ಗುಡ್ಡ ಕೊಯ್ತೀವ್ರಿ."

ಪಂಚಾಕ್ಷರಯ್ಯ ಹೊಲವನ್ನೊಮ್ಮೆ, ಕೆಸರಾದ ಅವಳ ಚಪ್ಪಲಿಯನ್ನೊಮ್ಮೆ ನೋಡಿದರು. "ಆತು. ಆದ್ರ ಎರೀಗೆ ಗಾಲಿ ಮುಟ್ಟಬಾರದು ನೋಡು ಮತ್ತ," ಎಂದರು, ಆ ಮಾತು ತಮ್ಮದೇ ಎನ್ನುವಂತೆ.

ಹಗ್ಗ ಎಳೆದೆಳೆದು ಕೈ ಸೋಲುವವರೆಗೂ ಗರಗಸ ಕೆಮ್ಮಿತು. ಕೂಲಿ ಹೆಂಗಸರೆಲ್ಲ ನಕ್ಕ ಮೇಲೆ ಹತ್ತಿಕೊಂಡಿತು. ಮರ ಬೀಳುತ್ತಿದ್ದಂತೆ ಕೊಂಬೆ ಸವರಿ, ದಿಮ್ಮಿಗೆ ತಂತಿಹಗ್ಗ ಬಿಗಿದರು. ಕೆಳಗೆ ಗಟ್ಟಿ ದಾರಿಯ ಮೇಲೆ ನಿಂತ ಟ್ರ್ಯಾಕ್ಟರ್ ಒಂದೊಂದನ್ನೇ ಎಳೆದುಕೊಂಡಿತು.

ಹೊತ್ತು ಇಳಿಯಿತು. ಉಳೀತೀಯಾ ಎಂದು ಅಕ್ಕನನ್ನು ಕೇಳಲು ನಾಗಜ್ಯೋತಿಗೆ ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಹುಲುಗಮ್ಮನ ಫೋನ್ ಹೊಡೆದುಕೊಂಡಿತು. ಲಾರಿಯವನು.

"ಇಲ್ಲಣ್ಣ, ನಾವು ಬರಂಗಿಲ್ಲ. ನಮ್ಮ ತಂಗಿ ಇಲ್ಲೇ ಸುಗ್ಗಿ ಹಚ್ಯಾಳ," ಎಂದಳು ಹುಲುಗಮ್ಮ.

ಆಮೇಲೆ ಗಂಟು ಬಿಚ್ಚಿದಳು. ಎಲ್ಲಕ್ಕಿಂತ ಮೇಲೆ, ಮಡಿಕೆ ಕೆಡದಂತೆ ಇಟ್ಟಿದ್ದ ಭುವನಾಳ ಶಾಲೆಯ ಬಟ್ಟೆ.

ಸುಗ್ಗಿಗೆ ಹೊರಟವಳ ಗಂಟಿನಲ್ಲಿ ಇದ್ಯಾಕೆ ಎಂದು ನಾಗಜ್ಯೋತಿ ಕೇಳಲಿಲ್ಲ. ಮುಖ ತಿರುಗಿಸಿ, ಗರಗಸದ ಚೈನಿಗೆ ಎಣ್ಣೆ ಬಿಡತೊಡಗಿದಳು.