ಬದುಕಿದ್ದವರ ಸೂತಕ

ನಮ್ಮ ಯಜಮಾನರು ತೀರಿಕೊಂಡ ಎಂಟನೆಯ ದಿನ ಭಾವಿಕೇರಿಯಿಂದ ಬೊಮ್ಮಿ ಬಂದಳು. ಅಂಗಳದ ತುದಿಯಲ್ಲೇ ನಿಂತು ಹೋದವರ ಬಗ್ಗೆ ನಾಲ್ಕು ಮಾತು ಆಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಂದ ಕೆಲಸ ಹೇಳಿದಳು.

“ಟೀಚರಮ್ಮ, ಕೇಳೂಕೆ ಬಾಯಿ ಬತ್ತಿಲ್ಲ. ಆದ್ರೂ ಕೇಳ್ತೆ. ಮೈಸೂರಿಗೆ ನೀವ್ ಬತ್ರಾ, ಇಲ್ವಾ?”

ಬೊಮ್ಮಿಯ ಮಗಳು ಗಂಗೆ, ಕಾರವಾರದಲ್ಲಿ ನಾನು ಟೆನಿಸ್ ಕಲಿಸುವ ಕಾಲೇಜಿನ ಹುಡುಗಿ. ಮೈಸೂರಿನಲ್ಲಿ ಇಪ್ಪತ್ತೊಂದು ದಿನಗಳ ಶಿಬಿರಕ್ಕೆ ಅವಳು ಆಯ್ಕೆಯಾಗಿದ್ದಳು. ಅಲ್ಲಿ ಆರು ಹುಡುಗಿಯರನ್ನು ಆರಿಸಿ ರಾಜ್ಯದ ಕಾಲೇಜು ತಂಡ ಮಾಡುತ್ತಾರೆ. ಹುಡುಗಿಯ ಜೊತೆ ಒಬ್ಬ ಹೆಂಗಸು ಇರಲೇಬೇಕು ಎಂದು ನಿಯಮ. ಬೊಮ್ಮಿ ಕೂಲಿ ಮಾಡುವವಳು. ಕುಮಟೆಯಿಂದಾಚೆ ಹೋದವಳಲ್ಲ.

“ನಾನು ಹೇಗೆ ಬರಲಿ ಬೊಮ್ಮಿ? ಶಿಬಿರ ಶುರುವಾಗುವುದು ಹದಿನೆಂಟನೆಯ ದಿನಕ್ಕೆ. ಮಾಸಿಕವೂ ಆಗಿರುವುದಿಲ್ಲ.”

“ಅದೂ ಖರೆ,” ಎಂದಳು. “ನೀವ್ ಹೋದ್ರೆ ಕಳುಸ್ತೆ. ಇಲ್ದಿದ್ರೆ ಕಳ್ಸೂದಿಲ್ಲ. ಹೆಣ್ ಹುಡ್ಗಿ. ನೀವ್ ಬೇಜಾರ್ ಮಾಡ್ಕಣ್ಬೇಡಿ. ಅದ್ರ ಹಣೇಲಿ ಇಲ್ಲ, ಅಷ್ಟೇಯ.”

ನಮ್ಮ ಮನೆಗಳಲ್ಲಿ ಗಂಡ ತೀರಿದವಳು ಮೊದಲ ಮಾಸಿಕ ಕಳೆಯುವವರೆಗೆ ಊರು ಬಿಡುವುದಿಲ್ಲ. ಮಾವ ಹೋದಾಗ ಅತ್ತೆ ಊರು ಬಿಡಲಿಲ್ಲ, ಅಪ್ಪ ಹೋದಾಗ ನನ್ನ ತಾಯಿ ಬಿಡಲಿಲ್ಲ. ಅದನ್ನು ಮೀರುವ ಯೋಚನೆ ಆ ದಿನ ನನಗೆ ಬರಲೂ ಇಲ್ಲ. ಬೊಮ್ಮಿ ಗದ್ದೆಯ ಏರಿಯ ಮೇಲೆ ನಡೆದು ಹೋಗುವುದನ್ನು ನೋಡುತ್ತ ದೇವರೇ ದಾರಿ ತೋರಿಸಲಿ ಎಂದುಕೊಂಡು ಸುಮ್ಮನಾದೆ.

ಕಾರವಾರದ ಆ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಟೆನಿಸ್ ಕಲಿಸಿದ್ದೇನೆ. ನಿವೃತ್ತಿಯಾದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ವಿಶ್ವವಿದ್ಯಾಲಯದ ಮಹಿಳೆಯರ ಪಂದ್ಯವನ್ನು ನಮ್ಮ ಹುಡುಗಿಯರು ಹನ್ನೊಂದು ಸಲ ಗೆದ್ದಿದ್ದಾರೆ. ನಮ್ಮದು ಮಣ್ಣಿನ ಕೋರ್ಟು. ಪ್ರತಿ ಮಳೆಗಾಲ ಅದನ್ನು ತೊಳೆದುಕೊಂಡು ಹೋಗುತ್ತದೆ. ದಸರೆಯ ಹೊತ್ತಿಗೆ ಕೆಂಪುಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು, ಮೇಲೆ ಸಗಣಿ ಸಾರಿಸಬೇಕು. ಅಂಗಳ ಮಾಡುವುದರಲ್ಲಿ ಭಾವಿಕೇರಿಯ ಹೆಂಗಸರ ಕೈ ಬೇರೆಯವರಿಗೆ ಬರುವುದಿಲ್ಲ. ಬೊಮ್ಮಿ ಆ ಕೆಲಸಕ್ಕೆ ಬರುತ್ತಿದ್ದಳು, ಹತ್ತು ವರ್ಷದ ಗಂಗೆಯೂ ಜೊತೆಗೆ. ಒಂದು ದಿನ ನನ್ನ ಕೈ ತಪ್ಪಿ ಹೋದ ಚೆಂಡನ್ನು ಅವಳು ಆ ಹಲಗೆಯಿಂದಲೇ ತಿರುಗಿ ಹೊಡೆದಳು. ಚೆಂಡು ಬಲೆಯ ಮೇಲಿಂದ ಹಾದು ನನ್ನ ಕಾಲ ಬುಡಕ್ಕೆ ಬಂತು. ಆ ವರ್ಷದಿಂದ ಅವಳನ್ನು ಬಿಟ್ಟಿಲ್ಲ.

ಕಲಿಸುವಾಗ ನನ್ನದು ಒಂದೇ ಹಟ. ಕಾಲೇಜು ಪಂದ್ಯಗಳಲ್ಲಿ ಗೆರೆ ನೋಡಲು ಬೇರೆಯವರು ಇರುವುದಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಆಡುವವಳೇ ಹೇಳಬೇಕು. ಕಣ್ಣಿನಿಂದ ಕಂಡಿದ್ದರೆ ಮಾತ್ರ ಹೊರಗೆ ಎನ್ನಬೇಕು, ಅನುಮಾನವಿದ್ದರೆ ಎದುರಿನವಳಿಗೆ ಬಿಟ್ಟುಕೊಡಬೇಕು. ಇದರಲ್ಲಿ ಸುಳ್ಳು ಹೇಳಿದ ಇಬ್ಬರು ಒಳ್ಳೆಯ ಆಟಗಾರ್ತಿಯರನ್ನು ತಂಡದಿಂದ ತೆಗೆದಿದ್ದೇನೆ. ಸೋತು ಬಂದ ವರ್ಷಗಳಲ್ಲಿ ಪ್ರಿನ್ಸಿಪಾಲರು ಇದಕ್ಕಾಗಿ ನನ್ನನ್ನು ಬೈದದ್ದೂ ಉಂಟು.

ಈ ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ಮನಸ್ಸಿಗೆ ನಾಟಿದ ಮುಳ್ಳು ಒಂದೇ. ಅದರ ಹೆಸರು ರೂಪಾ.

ರೂಪಾ ಕೋಡಿಬಾಗದ ಹುಡುಗಿ. ನನ್ನ ಕೈಯಲ್ಲಿ ಕಲಿತವರಲ್ಲಿ ಎಲ್ಲರಿಗಿಂತ ದೊಡ್ಡ ಆಟ ಅವಳದು. ಇಪ್ಪತ್ತೊಂದು ವರ್ಷದ ಹಿಂದೆ ಹೈದರಾಬಾದಿನ ದೊಡ್ಡ ಶಿಬಿರಕ್ಕೆ ಅವಳು ಆಯ್ಕೆಯಾದಳು. ಟೀಚರ್ ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ಅವಳ ಅಪ್ಪ ಹೇಳಿದ್ದ. ನನ್ನನ್ನೂ ತರಬೇತುದಾರರಲ್ಲಿ ಒಬ್ಬಳಾಗಿ ಕರೆಯುವ ಮಾತಿತ್ತು. ಮೇ ತಿಂಗಳು, ಕಾಲೇಜಿಗೆ ರಜೆ. ಮನೆಯ ಫೋನ್ ಬಾರಿಸೀತೆಂದು ಕಾದೆ. ಜೂನಿನಲ್ಲಿ ಪಟ್ಟಿ ಬಂದಾಗ ನನ್ನ ಜಾಗದಲ್ಲಿ ಬೇರೆ ಯಾರದೋ ಹೆಸರಿತ್ತು. ರೂಪಾ ಶಿಬಿರಕ್ಕೆ ಹೋಗಲಿಲ್ಲ. ಕೋರ್ಟಿಗೂ ಮರಳಿ ಬರಲಿಲ್ಲ. ಮಾರನೆಯ ವರ್ಷ ಮದುವೆಯಾಗಿ ಮಡಗಾಂವಿಗೆ ಹೋದಳು, ನನ್ನನ್ನು ಕರೆಯಲೂ ಇಲ್ಲ. “ಆ ಟೀಚರ್ ಮುಖ ನೋಡೂದಿಲ್ಲ” ಎಂದಳಂತೆ.

ಅಂದು ನನ್ನನ್ನು ಸಮಾಧಾನ ಮಾಡಿದವರು ನಮ್ಮ ಯಜಮಾನರು. ಅವರು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಅಂಕೋಲೆಯ ಮನೆಗೆ ಬರುವವರು. “ಹೋಗ್ಲಿ ಬಿಡು ಜಯಾ,” ಎಂದಿದ್ದರು. “ಅವ್ಕೆ ನಿನ್ನ ಬೆಲೆ ಗೊತ್ತಿಲ್ಲೆ. ಆ ಹುಡ್ಗಿಗೂ ಗೊತ್ತಿಲ್ಲೆ.” ಆ ಮಾತಿಗೆ ನಾನು ಅತ್ತಿದ್ದೆ. ಇಂಥ ಗಂಡನನ್ನು ಕೊಟ್ಟ ದೇವರಿಗೆ ಕೈಮುಗಿದಿದ್ದೆ.

ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ಹುಡುಗಿಯರಿಗೆ ರೂಪಾಳ ಕತೆ ಹೇಳುತ್ತ ಬಂದೆ. ಕಲಿಸಿದವರನ್ನು ಮರೆತರೆ ಆಟವೂ ನಮ್ಮನ್ನು ಮರೆಯುತ್ತದೆ ಎಂದು ಅವಳನ್ನು ತೋರಿಸಿ ಹೇಳುತ್ತಿದ್ದೆ.

ಒಂಬತ್ತನೆಯ ದಿನ ಮಧ್ಯಾಹ್ನ ರೂಪಾ ಬಂದಳು.

ಮೊದಲು ಗುರುತು ಸಿಗಲಿಲ್ಲ. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. ಜಗಲಿಯ ಬೆಂಚಿನ ಮೇಲೆ ಕುಳಿತು ಗೋಡೆಗೆ ಆನಿಸಿದ್ದ ಯಜಮಾನರ ಫೋಟೋವನ್ನು ತುಂಬ ಹೊತ್ತು ನೋಡಿದಳು. ನನ್ನ ಮಗ ಸಾತ್ವಿಕ ಒಳಗಿನಿಂದ ನೀರು ತಂದಿಟ್ಟ. ಅವಳು ಮುಟ್ಟಲಿಲ್ಲ.

“ಹಳೇ ಹುಡುಗೀರ ಗ್ರೂಪಿನಲ್ಲಿ ಸುದ್ದಿ ಹಾಕಿದ್ರು,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಈ ಸಲ ಖರೇನಾ, ಟೀಚರ್?”

ನನಗೆ ತಿಳಿಯಲಿಲ್ಲ. “ಏನು ಖರೆ?”

“ಮನೇಲಿ ಸತ್ತದ್ದು.”

ಸಾತ್ವಿಕನಿಗೆ ಸಿಟ್ಟು ಬಂತು. “ಸಾವಿನ ಮನೇಲಿ ಆಡೂ ಮಾತಾ ಇದು? ಯಾರು ನೀವು?”

“ನಿಮ್ಮ ಮನೇಲಿ ಬದುಕಿದ್ದವ್ರಿಗೂ ಸೂತಕ ಹಿಡೀತಾರೆ ತಮ್ಮ. ಅದ್ಕೇ ಕೇಳ್ದೆ.”

“ಹುಚ್ಚು ಗಿಚ್ಚು ಹಿಡ್ದದ್ಯಾ ಇವ್ರಿಗೆ, ಆಯಿ?”

“ಅವಳು ಹೇಳಲಿ, ಬಿಡು,” ಎಂದೆ.

ರೂಪಾ ಹೇಳಿದಳು. ಆ ಮೇ ತಿಂಗಳಲ್ಲಿ ಶಿಬಿರದ ಅಧಿಕಾರಿ ಅವಳ ಮನೆಯ ಹತ್ತಿರದ ಅಂಗಡಿಗೆ ಫೋನ್ ಮಾಡಿದ್ದರು. ನಿನ್ನ ಟೀಚರ್ ಬರುವುದಿಲ್ಲ, ಅವರ ಅತ್ತೆ ತೀರಿಕೊಂಡರಂತೆ, ಮನೆಯಲ್ಲಿ ಸೂತಕವಂತೆ ಎಂದು ತಿಳಿಸಿದ್ದರು. ರೂಪಾ ಅತ್ತಳಂತೆ, ಶಿಬಿರಕ್ಕಲ್ಲ, ನನಗಾಗಿ. ಮಾರನೆಯ ಬೆಳಿಗ್ಗೆ ಒಂದು ಎಳನೀರಿನ ಗೊನೆ ಹಿಡಿದುಕೊಂಡು ಬಸ್ಸಿನಲ್ಲಿ ಅಂಕೋಲೆಗೆ ಬಂದಳು. ನಮ್ಮ ಮನೆಯ ಬೇಲಿಯ ದಣಪೆ ದಾಟುವಾಗ, ಇದೇ ಜಗಲಿಯ ಮೇಲೆ ನನ್ನ ಅತ್ತೆ ಕಾಲು ಚಾಚಿ ಕುಳಿತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“‘ಯಾರು ಬೇಕಾಗಿತ್ತು?’ ಅಂತ ಕೇಳಿದ್ರು ನಿಮ್ಮ ಅತ್ತೆ,” ಎಂದಳು ರೂಪಾ. “ಸತ್ತವರು ನನ್ನ ಹತ್ರ ಮಾತಾಡಿದ್ರು ಟೀಚರ್. ನಾನು ಏನು ಹೇಳ್ಲಿ? ಮನೆ ತಪ್ಪಿ ಬಂದೆ ಅಂದೆ. ಗೊನೆ ಬಸ್ಟ್ಯಾಂಡಿನಲ್ಲೇ ಬಿಟ್ಟೆ.”

ರೂಪಾ ಕನ್ನಡಕ ತೆಗೆದು ಒರೆಸಿಕೊಂಡಳು.

“ಚೆಂಡು ಒಂದು ಬೆರಳು ಆಚೆ ಈಚೆ ಆದದ್ದಕ್ಕೆ ನಮ್ಮನ್ನ ಸುಳ್ಳಿ ಅಂದವ್ರು ನೀವು. ಒಂದು ಶಿಬಿರ ತಪ್ಪಿಸ್ಕೊಳ್ಳೂಕೆ ಬದುಕಿದ್ದ ಮುದುಕೀನ ಸಾಯ್ಸಿದ್ರಿ.”

“ಆ ಫೋನ್ ಎತ್ತಿದವರು ಯಾರು, ರೂಪಾ?” ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಇನ್ನೊಬ್ಬರ ಬಾಯಿಂದ ಬರಲಿ ಎಂದು ಕೇಳಿದೆ.

“ನಿಮ್ಮ ಯಜಮಾನ್ರು. ‘ಬೆಳಿಗ್ಗೆ ನನ್ನ ತಾಯಿ ತೀರ್ಕೊಂಡ್ರು, ನಮ್ಮಲ್ಲಿ ಹೆಂಗಸ್ರು ಹೊರಗೆ ಹೋಗೂದಿಲ್ಲ, ಬೇರೆಯವ್ರನ್ನ ನೋಡ್ಕೊಳ್ಳಿ’ ಅಂದ್ರಂತೆ. ನೀವೇ ಹೇಳ್ಸಿದ್ದು, ಅಲ್ವಾ?”

“ನನಗೆ ಫೋನ್ ಬಂದದ್ದೇ ಗೊತ್ತಿರಲಿಲ್ಲ.”

ರೂಪಾ ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುವವಳೋ ಅಲ್ಲವೋ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತೊಂದು ವರ್ಷ ನಂಬಿರಲಿಲ್ಲ, ಅಷ್ಟೆ.

“ಹಾಗಾದ್ರೆ ನಾನು ನಿಮ್ಮನ್ನ ಬೈದದ್ದೆಲ್ಲ ದಂಡ,” ಎಂದಳು ನಿಧಾನವಾಗಿ. “ನೀವು ನನ್ನ ಕತೆ ಮಾಡಿ ಹುಡುಗೀರಿಗೆ ಹೇಳಿದ್ದೂ ದಂಡ. ಹಾಂ, ಅದೂ ನಂಗೆ ಗೊತ್ತು. ಬೈಸ್ಕೊಳ್ಳಬೇಕಾದವ್ರು ನೆಟ್ಟಗೆ ಊಟ ಮಾಡ್ಕೊಂಡು ಇದ್ರು.”

“ನನ್ನನ್ನು ಕ್ಷಮಿಸು ಮಗಾ.”

“ಕ್ಷಮಿಸಿದ್ರೆ ನಂಗೆ ಮತ್ತೆ ಇಪ್ಪತ್ತು ವರ್ಷ ಆಗ್ತದಾ, ಟೀಚರ್?” ಎಂದು ಎದ್ದಳು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡಳು. ಸೂತಕದ ಮನೆಯಿಂದ ಹೋಗುವಾಗ ಹೋಗಿ ಬರುತ್ತೇನೆ ಎನ್ನಬಾರದು. ಅವಳೂ ಅನ್ನಲಿಲ್ಲ.

ಯಜಮಾನರು ಮನೆಗೆ ಬಂದಿದ್ದ ದಿನ, ನಾನು ಹೊರಗೆ ಹೋಗಿದ್ದಾಗ ಆ ಫೋನ್ ಬಂದಿರಬೇಕು. ಹಾಗೇಕೆ ಮಾಡಿದರೋ ನನಗೆ ಗೊತ್ತಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು, ಹೊತ್ತು ಹೊತ್ತಿಗೆ ಊಟ ಆಗಬೇಕಿತ್ತು, ಯಜಮಾನರಿಗೆ ಕದ್ರಾದಲ್ಲಿ ರಜೆ ಸಿಗುತ್ತಿರಲಿಲ್ಲ. ಅದಕ್ಕಾಗಿಯೇ ಇರಬಹುದು. ‘ಹೋಗಬೇಡ’ ಎಂದಿದ್ದರೆ ನಾನು ಹೋಗುತ್ತಿರಲಿಲ್ಲ. ಅವರ ಮಾತನ್ನು ಮೀರಿದವಳಲ್ಲ. ಅತ್ತು ಸುಮ್ಮನಾಗುತ್ತಿದ್ದೆ. ರೂಪಾಳ ಅಪ್ಪನ ಕಾಲು ಹಿಡಿದಾದರೂ ಬೇರೆಯವರ ಜೊತೆ ಅವಳನ್ನು ಕಳಿಸುತ್ತಿದ್ದೆ. ಅವರು ಬೇಡ ಎನ್ನಲಿಲ್ಲ. ಹೆತ್ತವಳನ್ನು ಬಾಯಲ್ಲಿ ಕೊಂದು, ಅದೇ ದಿನ ಅವಳು ಬಡಿಸಿದ ಅನ್ನ ಉಂಡರು. ಅತ್ತೆ ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಖರೆಯಾಗಿ ಸತ್ತಾಗ ಇವರು ಶ್ರದ್ಧೆಯಿಂದ ಕರ್ಮ ಮಾಡಿದರು. ಪಿಂಡವಿಡುವಾಗ ಇವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಅದು ಯಾವ ಸಾವಿಗೆ ಬಂದ ನೀರು ಎಂದು ಈಗ ಯಾರನ್ನು ಕೇಳಲಿ?

ಸತ್ತವರಿಗಾಗಿ ಅಳುತ್ತಿದ್ದೆ. ಆ ದಿನದಿಂದ ಅಳುವಿಗೂ ಕೂರಲು ಜಾಗ ಸಿಗದಾಯಿತು. ಅಳು ಬಂದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಅವರ ಬಡಕಲು ಕೈ ನೆನಪಾಗುತ್ತಿತ್ತು.

ಹದಿಮೂರನೆಯ ದಿನದ ಊಟವಾದ ಮೇಲೆ ನೆಂಟರು ಹೋದರು. ಸೂತಕ ಕಳೆದಿತ್ತು. ದೇವರ ಕೋಣೆಗೆ ಹೋಗಿ ದೀಪ ಹಚ್ಚಿದೆ. ತಪ್ಪೋ ಒಪ್ಪೋ ನೀನೇ ನೋಡಿಕೋ ಎಂದು ಹೇಳಿ ಹೊರಗೆ ಬಂದೆ. ಸಾತ್ವಿಕ ಪಾತ್ರೆ ಎತ್ತಿಡುತ್ತಿದ್ದ. ಅವನಿಗೆ ಕುಮಟೆಯಲ್ಲಿ ಔಷಧದ ಅಂಗಡಿ ಇದೆ, ಹದಿಮೂರು ದಿನ ಮುಚ್ಚಿಕೊಂಡು ಬಂದಿದ್ದ.

“ನಾನು ಗಂಗೆಯನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತೇನೆ,” ಎಂದೆ.

“ಆಯೀ, ನಿಂಗೆ ತಲೆ ಸಮ ಇದ್ದಾ? ಮಾಸಿಕ ಮುಗೀದೇ ಹ್ಯಾಂಗೆ ಹೋಗ್ತೆ?”

“ಮಾಸಿಕ ಮಾಡುವವನು ನೀನು. ನಾನು ಅಡುಗೆಮನೆಯಲ್ಲಿ ಇರುವವಳು.”

“ಅಪ್ಪ ತಪ್ಪು ಮಾಡ್ದ ಹೇಳಿ ಅವ್ನ ಕರ್ಮಕ್ಕೂ ನಿಲ್ತಿಲ್ಯಾ? ಸೇಡು ತೀರ್ಸ್ಕಳ್ತ್ಯಾ?”

“ಸತ್ತವರ ಮೇಲೆ ಏನು ಸೇಡು? ಆ ಹುಡುಗಿ ಸತ್ತಿಲ್ಲ. ಕಾಲೇಜಿನಲ್ಲಿ ಅವಳಿಗೆ ಇರುವುದು ಇದೊಂದೇ ವರ್ಷ.”

ಅವನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. ಒಳ್ಳೆಯ ಹುಡುಗ. ತಾಯಿಯ ಮೇಲೆ ನೆಂಟರ, ಅದರಲ್ಲೂ ಯಜಮಾನರ ತಮ್ಮನ ಮಾತು ಬರಬಾರದು ಎಂಬುದಷ್ಟೇ ಅವನ ಚಿಂತೆ. ಕೊನೆಗೆ ದನಿ ಇಳಿಸಿ ಹೇಳಿದ:

“ಹೋಗು ಹಾಂಗಾರೆ. ಕೇಳ್ದವ್ಕೆ ನಾ ಹೇಳ್ಕಳ್ತೆ. ಆಯಿಗೆ ಆರಾಮಿಲ್ಲೆ, ಹುಬ್ಬಳ್ಳಿ ಆಸ್ಪತ್ರೇಲಿ ಇದ್ದು ಹೇಳ್ತೆ. ಕಾಕನೂ ಸುಮ್ಮಂಗಾಗ್ತ.”

ಅದು ಅವನ ಅಪ್ಪನ ದನಿಯಾಗಿತ್ತು. ಪ್ರೀತಿಯಿಂದಲೇ ಆಡಿದ ಮಾತು. ಅಂದು ಫೋನಿನಲ್ಲಿ ಆಡಿದ್ದೂ ಹೀಗೆಯೇ, ಇಷ್ಟೇ ಸುಲಭವಾಗಿ ಆಡಿರಬೇಕು.

“ಬೇಡ,” ಎಂದೆ. “ನನ್ನನ್ನು ಆಸ್ಪತ್ರೆಗೆ ಹಾಕಬೇಡ. ಟೆನಿಸ್ ಕಲಿಸಲು ಹೋಗಿದ್ದಾಳೆ ಎಂದು ಹೇಳು.”

“ಕಾಕ ಮಾಸಿಕಕ್ಕೆ ಉಣ್ತ್ನಿಲ್ಲೆ, ಆಯಿ.”

“ಉಣ್ಣದಿದ್ದರೆ ಬಿಡಲಿ.”

ಹದಿನೇಳನೆಯ ದಿನ ಬೆಳಿಗ್ಗೆ ಅಂಕೋಲೆಯ ಬಸ್ಟ್ಯಾಂಡಿನಲ್ಲಿ ಬೊಮ್ಮಿ ಮಗಳನ್ನು ಕರೆದುಕೊಂಡು ನಿಂತಿದ್ದಳು. ಗಂಗೆಯ ಚೀಲದಲ್ಲಿ ಅವಲಕ್ಕಿಯ ಗಂಟು ಇತ್ತು. “ಟೀಚರ್, ನಿಮ್ಗೆ ಪಾಪ ಬರೂದಿಲ್ವಾ?” ಎಂದು ಆ ಹುಡುಗಿ ಮೆಲ್ಲಗೆ ಕೇಳಿತು. ಬೊಮ್ಮಿ ಅದರ ತಲೆಗೊಂದು ಕುಟ್ಟಿದಳು. “ದೊಡ್ಡೋರ ಪಾಪ ಕಟ್ಕಂಡು ನಿಂಗೇನು? ಆಡೂಕೆ ಹೋಗೂದು, ಆಡು.”

ಮಾಸಿಕದ ದಿನವೇ ಆಯ್ಕೆಯ ಪಂದ್ಯ ಬಂತು. ಬೆಳಿಗ್ಗೆ ಬೇಗ ಮಿಂದು ಹಾಸ್ಟೆಲಿನ ಕೋಣೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕುಳಿತೆ. ಅವರಿಗೆ ಸದ್ಗತಿ ಕೊಡು ಎಂದು ಕೇಳಬೇಕಿತ್ತು. ನಲವತ್ತು ವರ್ಷ ಜೊತೆಗಿದ್ದವರ ಹೆಸರು ನಾಲಿಗೆಯ ತನಕ ಬಂದು ನಿಂತಿತು. ಎರಡನೆಯ ಸಲವೂ ಹಾಗೇ ಆಯಿತು. ಗಂಗೆ ಬಾಗಿಲು ತಟ್ಟಿ ಹೊತ್ತಾಯಿತೆಂದಳು. ಎದ್ದು ಹೋದೆ.

ಗಂಗೆ ಮೊದಲನೆಯ ಸೆಟ್ ಸೋತು ಉಳಿದೆರಡನ್ನು ಗೆದ್ದಳು. ಆರರಲ್ಲಿ ನಾಲ್ಕನೆಯ ಹೆಸರು ಅವಳದು. ಅವಳು ಬೊಮ್ಮಿಗೆ ಫೋನ್ ಮಾಡಿ ಕೂಗಾಡುತ್ತಿದ್ದಾಗ ಸಾತ್ವಿಕನ ಫೋನ್ ಬಂತು.

“ಮಾಸಿಕ ಮುಗತ್ತು, ಆಯಿ. ಕಾಕ ಕೇಳ್ದ. ನೀ ಹೇಳ್ದಾಂಗೇ ಹೇಳ್ದೆ.”

“ಏನಂದ?”

“ಎಂತದೂ ಹೇಳಿದ್ನಿಲ್ಲೆ. ಉಣ್ಣದೇ ಬಾಳೆ ಬಿಟ್ಟು ಎದ್ದು ಹೋದ.” ಆಮೇಲೆ ಕೇಳಿದ, “ನೀ ಅಲ್ಲೇ ಕೈಮುಗ್ದೆ ಅಲ್ದಾ, ಅಪ್ಪಂಗೆ?”

“ಇಲ್ಲ ಸಾತ್ವಿಕ,” ಎಂದೆ. “ಆಗಲಿಲ್ಲ.”